ಮೊಸರಿಲ್ಲದ ಊಟ

ತಿಪಟೂರಿನ ಮಾವನ ಮನೆಯಲ್ಲಿ ಊಟ ಮುಗಿಯೋದು ಮೊಸರನ್ನದಲ್ಲೇ. ನಾನು ಚಿಕ್ಕವಳಿದ್ದಾಗಿಂದ ನೋಡಿದ ಕ್ರಮ ಅದು. ಹುಳಿ, ಸಾರು ಎಷ್ಟೇ ಚೆನ್ನಾಗಿರಲಿ, ಅತ್ತೆ ಮೊಸರಿನ ಪಾತ್ರೆ ಹಿಡ್ಕೊಂಡು ಬರೋವರೆಗೂ ಯಾರೂ ತಟ್ಟೆ ಬಿಟ್ಟು ಏಳ್ತಿರಲಿಲ್ಲ.

2024ರ ಶ್ರಾವಣದಲ್ಲಿ ಮಾವನ ಎರಡನೇ ವರ್ಷದ ಕಾರ್ಯಕ್ಕೆ ಹೋಗಿದ್ದೆ. ಆ ದಿನ ಅಡುಗೆಯವರು, ನೆಂಟರು, ಗಲಾಟೆ. ಏನೂ ಗಮನಕ್ಕೆ ಬರಲಿಲ್ಲ. ಮಾರನೇ ದಿನ ಎಲ್ಲರೂ ಹೊರಟ ಮೇಲೆ ಅತ್ತೆ, ನಾನು ಇಬ್ಬರೇ ಊಟಕ್ಕೆ ಕೂತ್ವಿ. ಸಾರನ್ನ ಮುಗೀತು. ಅತ್ತೆ ಎದ್ದು ಕೈ ತೊಳೆಯೋಕೆ ಹೋದರು.

"ಅತ್ತೆ, ಮೊಸರು?" ಅಂದೆ.

"ಹೆಪ್ಪು ಹಾಕೋದು ಬಿಟ್ಟು ಎರಡು ವರ್ಷ ಆಯ್ತು ಕಣೇ," ಅಂದರು, ತಿರುಗಿ ನೋಡದೆ. "ನೀನೇ ಹೇಳಿದ್ದಲ್ವಾ, ಬ್ಯಾಕ್ಟೀರಿಯಾ ಅವರ ಔಷಧೀನ ತಿಂದು ಹಾಕ್ತಿವೆ ಅಂತ. ದಿನಾ ರಾತ್ರಿ ಅದನ್ನ ಪಾತ್ರೇಲಿ ಬೆಳೆಸಿ, ಬೆಳಗ್ಗೆ ಅವರಿಗೆ ಬಡಿಸಿದವಳು ನಾನೇ ತಾನೆ?"

ಹೇಳಿದ್ದೆ. ನಿಜ. ಆಸ್ಪತ್ರೆಯ ಕಾರಿಡಾರಿನಲ್ಲಿ, ಕೈಯಲ್ಲಿ ಮೊಬೈಲ್ ಹಿಡಿದು, ಏನೋ ಕಂಡುಹಿಡಿದವಳ ಹಾಗೆ ಹೇಳಿದ್ದೆ. ಆ ಮಾತು ಎರಡು ವರ್ಷ ಅತ್ತೆಯ ಅಡುಗೆಮನೆಯಲ್ಲಿ ಕೂತಿತ್ತು ಅನ್ನೋದು ನನಗೆ ಗೊತ್ತಿರಲಿಲ್ಲ.

*

ಮಾವ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಕನ್ನಡ ಮೀಡಿಯಂನಲ್ಲಿ ಓದಿದವರಿಗೆ ನೆನಪಿರುತ್ತೆ: ದತ್ತ, ಸಾಧನೀಯ, ರಚನೆ, ಸಾಧನೆ. ಪ್ರಮೇಯ ಬರೆಯೋ ಕ್ರಮ. ಮಾವ ಅದನ್ನ ಮನೆಗೂ ತಂದಿದ್ದರು. ನಾನು ಯಾವುದಾದರೂ ಕೆಲಸ ಬಿಡ್ತೀನಿ ಅಂತಲೋ, ಸೈಟ್ ತಗೋತೀನಿ ಅಂತಲೋ ಫೋನ್ ಮಾಡಿದರೆ ಮೊದಲ ಪ್ರಶ್ನೆ, "ಸರಿ ಪುಟ್ಟಿ, ದತ್ತ ಏನು?" ಅಂದರೆ, ನಿನ್ನ ಕೈಯಲ್ಲಿ ಖಂಡಿತವಾಗಿ ಇರೋದೇನು, ಅದನ್ನ ಮೊದಲು ಹೇಳು.

62ನೇ ವಯಸ್ಸಿನಲ್ಲಿ ಅವರಿಗೆ ಇದ್ದಕ್ಕಿದ್ದಂತೆ ಶುಗರ್ ಬಂತು. ನಮ್ಮ ಮನೆತನದಲ್ಲಿ ಶುಗರ್ ಹೊಸದೇನಲ್ಲ, ಯಾರೂ ಗಾಬರಿ ಆಗಲಿಲ್ಲ. ಅಕ್ಕಿ ಬಿಟ್ಟು ರಾಗಿ ಹಿಡಿದರು, ಸಂಜೆ ವಾಕಿಂಗ್ ಶುರು ಮಾಡಿದರು. ಆರು ತಿಂಗಳಲ್ಲಿ ಒಂಬತ್ತು ಕೆಜಿ ಇಳಿದರು. ಪ್ಯಾಂಟ್ ಸಡಿಲ ಆಗಿದೆ ಅಂತ ಬೆಲ್ಟಿಗೆ ಹೊಸ ತೂತು ಹೊಡೆಸಿ ವಿಡಿಯೋ ಕಾಲ್‌ನಲ್ಲಿ ತೋರಿಸಿದರು. "ಮಾವ, ಸೂಪರ್! ನಿಮ್ಮ ಡಯಟ್ ಪ್ಲಾನ್ ನಮಗೂ ಕಳಿಸಿ" ಅಂದವಳು ನಾನೇ.

2021ರ ದೀಪಾವಳಿ ಹೊತ್ತಿಗೆ ಕಣ್ಣು ಹಳದಿ ಆಯ್ತು, ಮೈಯೆಲ್ಲ ಕೆರೆತ. ಊರಿನಲ್ಲಿ ಕಾಮಾಲೆ ಅಂತ ಹಸಿರು ಔಷಧಿ ಕೊಟ್ಟರು. ಬೆಂಗಳೂರಿಗೆ ಕರ್ಕೊಂಡು ಬಂದು ಸ್ಕ್ಯಾನ್ ಮಾಡಿಸಿದಾಗ ಗೊತ್ತಾಯ್ತು. ಮೇದೋಜೀರಕ ಗ್ರಂಥಿಯ ತಲೆಭಾಗದಲ್ಲಿ ಗಡ್ಡೆ, ಲಿವರಿನಲ್ಲೂ ಚುಕ್ಕೆಗಳು. ಪಿತ್ತದ ನಾಳಕ್ಕೆ ಸ್ಟೆಂಟ್ ಹಾಕಿದರು. ಆಪರೇಷನ್ ಆಗಲ್ಲ ಅಂದರು. ಮೂರು ವಾರ ವಾರಕ್ಕೊಂದು ಡ್ರಿಪ್, ನಾಲ್ಕನೇ ವಾರ ಬಿಡುವು. ಡ್ರಿಪ್‌ನಲ್ಲಿದ್ದ ಎರಡು ಔಷಧಿಗಳಲ್ಲಿ ಒಂದರ ಹೆಸರು ಜೆಮ್‌ಸೈಟಬೀನ್.

ಪ್ಯಾಂಕ್ರಿಯಾಸ್ ಕ್ಯಾನ್ಸರ್ ಬಗ್ಗೆ ಗೂಗಲ್ ಮಾಡಿದವರಿಗೆ ಮೊದಲು ಕಾಣೋದು ಒಂದು ಸಂಖ್ಯೆ. ಅಮೆರಿಕದ ಲೆಕ್ಕದಲ್ಲೇ, ಪತ್ತೆಯಾದ ಐದು ವರ್ಷದ ನಂತರ ಬದುಕಿರೋರು ನೂರಕ್ಕೆ ಸುಮಾರು 13 ಜನ. ಲಿವರಿಗೆ ಹರಡಿದ್ದರೆ ಇನ್ನೂ ಕಡಿಮೆ. ಮಾವ ಆ ಸಂಖ್ಯೆ ಕೇಳಲಿಲ್ಲ. ನಾನೂ ಹೇಳಲಿಲ್ಲ.

*

ಮೂರು ತಿಂಗಳ ನಂತರದ ಸ್ಕ್ಯಾನ್‌ನಲ್ಲಿ ಗಡ್ಡೆ ದೊಡ್ಡದಾಗಿತ್ತು. ಅವತ್ತು ರಾತ್ರಿ ನಿದ್ದೆ ಬರದೆ ಲ್ಯಾಪ್‌ಟಾಪ್ ತೆಗೆದು ಕೂತೆ. ಔಷಧಿ ಯಾಕೆ ಕೆಲಸ ಮಾಡ್ತಿಲ್ಲ? ನನ್ನ ನೌಕರಿ ಸಾಫ್ಟ್‌ವೇರ್ ಟೆಸ್ಟಿಂಗ್. ಏನಾದರೂ ಕೈ ಕೊಟ್ಟರೆ ಎಲ್ಲಿ ಕೈ ಕೊಟ್ಟಿತು ಅಂತ ಹುಡುಕೋದೇ ಹನ್ನೊಂದು ವರ್ಷದಿಂದ ಮಾಡ್ತಿರೋ ಕೆಲಸ.

ಆಗ ಸಿಕ್ಕಿದ್ದು 2017ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ. ಇಸ್ರೇಲಿನ ವೈಜ್‌ಮನ್ ಇನ್‌ಸ್ಟಿಟ್ಯೂಟ್‌ನ ರವಿದ್ ಸ್ಟ್ರಾಸ್‌ಮನ್, ಲಿಯೊರ್ ಗೆಲ್ಲರ್ ಮತ್ತು ಅಮೆರಿಕದ ಅವರ ಸಂಗಡಿಗರು ಮಾಡಿದ್ದು. ಕ್ಯಾನ್ಸರ್ ಕೋಶಗಳ ಪಕ್ಕದಲ್ಲಿ ಬೇರೆ ಸಾಮಾನ್ಯ ಕೋಶಗಳನ್ನ ಬೆಳೆಸಿದರೆ ಔಷಧಿಯ ಪರಿಣಾಮ ಬದಲಾಗುತ್ತಾ ಅಂತ ಅವರು ನೋಡ್ತಿದ್ದರು. ಒಂದು ಚರ್ಮದ ಕೋಶದ ಮಾದರಿ ಪಕ್ಕದಲ್ಲಿದ್ದರೆ ಮಾತ್ರ ಜೆಮ್‌ಸೈಟಬೀನ್ ಕೆಲಸ ಮಾಡ್ತಿರಲಿಲ್ಲ. ಆ ಕೋಶದಲ್ಲಿ ಏನೋ ವಿಶೇಷ ಇದೆ ಅಂತ ಹುಡುಕಿದರೆ, ಕೋಶದ ತಪ್ಪೇನೂ ಇರಲಿಲ್ಲ. ಆ ಮಾದರಿಗೆ ಮೈಕೊಪ್ಲಾಸ್ಮಾ ಅನ್ನೋ ಬ್ಯಾಕ್ಟೀರಿಯಾ ಸೇರಿಕೊಂಡಿತ್ತು. ಲ್ಯಾಬಿನವರ ಪಾಲಿಗೆ ಅದು ಬರೀ ಕೊಳೆ, ಕಂಟಾಮಿನೇಷನ್. ಬೇರೆ ಯಾರಾದರೂ ಆಗಿದ್ದರೆ ಮಾದರಿಯನ್ನ ಕಸಕ್ಕೆ ಹಾಕಿ ಮುಂದೆ ಹೋಗ್ತಿದ್ದರು. ಇವರು ಹೋಗಲಿಲ್ಲ.

ಜೆಮ್‌ಸೈಟಬೀನ್ ನೋಡೋಕೆ ಡಿಎನ್‌ಎಯ ಒಂದು ಇಟ್ಟಿಗೆಯ ಹಾಗೇ ಇರುತ್ತೆ. ಕ್ಯಾನ್ಸರ್ ಕೋಶ ಮೋಸ ಹೋಗಿ ಅದನ್ನ ತನ್ನ ಗೋಡೆಗೆ ಸೇರಿಸಿಕೊಂಡರೆ ಮುಂದಕ್ಕೆ ಕಟ್ಟೋಕಾಗಲ್ಲ. ಆದರೆ ಕೆಲವು ಬ್ಯಾಕ್ಟೀರಿಯಾಗಳ ಹತ್ತಿರ ಸಿಟಿಡೀನ್ ಡಿಅಮಿನೇಸ್ ಅನ್ನೋ ಕಿಣ್ವ ಇದೆ. ಅದರ ಉದ್ದನೆಯ ರೂಪ ಈ ಔಷಧಿಯನ್ನ ಸ್ವಲ್ಪ ತಿರುಚಿ, ಕೆಲಸಕ್ಕೆ ಬಾರದ ಹಾಗೆ ಮಾಡಿಬಿಡುತ್ತೆ. ಔಷಧಿ ಗಡ್ಡೆವರೆಗೂ ತಲುಪಿರುತ್ತೆ, ಆದರೆ ಆಗಲೇ ಸತ್ವ ಇಲ್ಲ.

ಮುಂದೆ ಅವರು ರೋಗಿಗಳ ಗಡ್ಡೆಗಳನ್ನೇ ನೋಡಿದರು. ಮೇದೋಜೀರಕ ಗ್ರಂಥಿಯ 113 ಕ್ಯಾನ್ಸರ್ ಗಡ್ಡೆಗಳಲ್ಲಿ 86ರಲ್ಲಿ ಬ್ಯಾಕ್ಟೀರಿಯಾ ಸಿಕ್ಕಿತು. ಹೆಚ್ಚಿನವು ಗ್ಯಾಮಾಪ್ರೋಟಿಯೊಬ್ಯಾಕ್ಟೀರಿಯಾ ಅನ್ನೋ ಗುಂಪಿನವು. ಈ-ಕೋಲಿ ಇದೇ ಗುಂಪಿಗೆ ಸೇರಿದ್ದು. ಈ ಗ್ರಂಥಿಯ ನಾಳ ಸಣ್ಣ ಕರುಳಿನ ಮೊದಲ ಭಾಗಕ್ಕೇ ತೆರೆದುಕೊಳ್ಳೋದರಿಂದ, ಅಲ್ಲಿಂದ ಹತ್ತಿ ಬಂದಿರಬಹುದು ಅಂತ ಅವರ ಊಹೆ. ಕೊನೆಗೆ ಒಂದು ಪ್ರಯೋಗ: ಬ್ಯಾಕ್ಟೀರಿಯಾ ಇರೋ ಗಡ್ಡೆಗೆ ಜೆಮ್‌ಸೈಟಬೀನ್ ಜೊತೆ ಸಿಪ್ರೊಫ್ಲಾಕ್ಸಸಿನ್ ಕೊಟ್ಟರೆ ಔಷಧಿ ಮತ್ತೆ ಕೆಲಸ ಮಾಡಿತು.

ಸಿಪ್ರೊಫ್ಲಾಕ್ಸಸಿನ್! ಯಾವ ಮೆಡಿಕಲ್ ಶಾಪಿನಲ್ಲೂ ಸಿಗೋ ಮಾತ್ರೆ. ರಾತ್ರಿ ಎರಡೂವರೆಗೆ ನನ್ನ ಕೈ ನಡುಗ್ತಿತ್ತು.

ಬೆಳಗ್ಗೆ ಆಸ್ಪತ್ರೆಯಲ್ಲಿ ಅತ್ತೆಗೆ ಹೇಳಿದೆ. ಅವರಿಗೆ ಅರ್ಥ ಆಗೋ ಹಾಗೆ, ಸರಳವಾಗಿ. "ಅತ್ತೆ, ಮಾವನ ಗಡ್ಡೆಯೊಳಗೆ ಬ್ಯಾಕ್ಟೀರಿಯಾ ಸೇರ್ಕೊಂಡಿರಬಹುದು, ಹೊಟ್ಟೆಯಿಂದ. ಅವು ಔಷಧೀನ ತಿಂದು ಹಾಕ್ತಿವೆ." ಸರಳ ಮಾಡೋ ಭರದಲ್ಲಿ 'ಇರಬಹುದು' ಅನ್ನೋ ಪದ ಅವರ ಕಿವಿಗೆ ತಲುಪಿತೋ ಇಲ್ಲವೋ ನೋಡಲಿಲ್ಲ.

ಮಾವ ಮಲಗಿದ್ದಲ್ಲಿಂದ ಕೇಳಿಸಿಕೊಂಡರು. "ದತ್ತ ಏನು ಪುಟ್ಟಿ?" ಅಂದರು.

ಹೇಳ್ತಾ ಹೋದೆ. 113ರಲ್ಲಿ 86. ಕಿಣ್ವ. ಆಂಟಿಬಯೋಟಿಕ್. "ಆ ಕೊನೇದು ಯಾರ ಮೇಲೆ ಮಾಡಿದ್ದು?" ಅಂದರು. ಮತ್ತೆ ಓದಿದೆ. ಇಲಿಗಳ ಮೇಲೆ. ಅದೂ ಪ್ಯಾಂಕ್ರಿಯಾಸ್ ಗಡ್ಡೆ ಅಲ್ಲ, ದೊಡ್ಡ ಕರುಳಿನ ಕ್ಯಾನ್ಸರಿನ ಗಡ್ಡೆ. ರಾತ್ರಿ ಆ ಸಾಲಿನ ಮೇಲೆ ಕಣ್ಣು ಹಾಯಿಸಿದ್ದೆ, ಓದಿರಲಿಲ್ಲ. ಮಾವ ಏನೂ ಅನ್ನಲಿಲ್ಲ, ಸುಮ್ಮನೆ ನಕ್ಕರು.

ಆದರೂ ಡಾಕ್ಟರ್ ಹತ್ತಿರ ಹೋದೆ. ಪ್ರಿಂಟ್ ತೆಗೆದುಕೊಂಡು. ಅವರು ಬೈಯಲಿಲ್ಲ. ಆ ಪೇಪರ್ ಅವರಿಗೂ ಗೊತ್ತಿತ್ತು. "ನಿಮ್ಮ ಮಾವನಿಗೆ ಜನವರಿಯಲ್ಲಿ ಸ್ಟೆಂಟ್ ಇನ್‌ಫೆಕ್ಷನ್ ಆಗಿ ಚಳಿ ಜ್ವರ ಬಂದಿತ್ತಲ್ಲ, ಆಗ ಹತ್ತು ದಿನ ಆಂಟಿಬಯೋಟಿಕ್ ಕೊಟ್ಟೇ ಇದ್ವಿ," ಅಂದರು. "ಅದರಿಂದ ಗಡ್ಡೆ ಕರಗಲಿಲ್ಲ. ಹಾಗಂತ ಆ ಪೇಪರ್ ಸುಳ್ಳು ಅಂತಲೂ ಅಲ್ಲ. ಒಬ್ಬ ರೋಗಿಯಿಂದ ಎರಡೂ ಗೊತ್ತಾಗಲ್ಲ." ಆಮೇಲೆ ವಿವರಿಸಿದರು. ಕೀಮೋದಲ್ಲಿ ಬಿಳಿ ರಕ್ತಕಣ ಕಡಿಮೆ ಇರೋವಾಗ ಆಂಟಿಬಯೋಟಿಕ್ ನಿಜವಾಗಿ ಬೇಕಾಗೋ ದಿನ ಬರುತ್ತೆ. ಸುಮ್ಮನೆ ತಿಂಗಳುಗಟ್ಟಲೆ ಕೊಟ್ಟರೆ ಅವತ್ತು ಅದು ಕೆಲಸ ಮಾಡದೇ ಇರಬಹುದು. ಕರುಳಿನಲ್ಲಿರೋ ಒಳ್ಳೆಯ ಬ್ಯಾಕ್ಟೀರಿಯಾನೂ ಸಾಯುತ್ತೆ, ಭೇದಿ ಶುರುವಾದರೆ ಈ ದೇಹ ತಡೆಯಲ್ಲ.

ಮಾವ 2022ರ ಆಗಸ್ಟ್‌ನಲ್ಲಿ ಹೋದರು. ತಿಪಟೂರಿನಲ್ಲೇ, ತಮ್ಮ ಮಂಚದ ಮೇಲೆ.

*

ಆಮೇಲೂ ನಾನು ಓದೋದು ನಿಲ್ಲಿಸಲಿಲ್ಲ. ದುಃಖಕ್ಕೆ ಕೆಲವರು ಕ್ಷೇತ್ರಗಳಿಗೆ ಹೋಗ್ತಾರೆ, ನಾನು ಪಬ್‌ಮೆಡ್‌ಗೆ ಹೋದೆ.

2018ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ತಂಡ ಒಂದು ವಿಷಯ ತೋರಿಸಿತ್ತು. ಇಲಿಗಳ ಕರುಳಿಗೆ ಹಾಕಿದ ಬ್ಯಾಕ್ಟೀರಿಯಾ ಪ್ಯಾಂಕ್ರಿಯಾಸ್‌ಗೆ ವಲಸೆ ಹೋಗುತ್ತೆ, ಅಲ್ಲಿ ದೇಹದ ರಕ್ಷಣಾ ಪಡೆಯನ್ನ ತಣ್ಣಗೆ ಮಾಡಿಬಿಡುತ್ತೆ. ಬ್ಯಾಕ್ಟೀರಿಯಾ ತೆಗೆದರೆ ಗಡ್ಡೆ ನಿಧಾನಕ್ಕೆ ಬೆಳೆಯುತ್ತೆ, ಇಮ್ಯುನೊಥೆರಪಿಗೂ ಬಗ್ಗುತ್ತೆ. ಇದನ್ನ ಓದಿದರೆ ಬ್ಯಾಕ್ಟೀರಿಯಾ ಅಂದ್ರೆ ಶತ್ರು.

2019ರಲ್ಲಿ ಹ್ಯೂಸ್ಟನ್‌ನ ಎಂಡಿ ಆ್ಯಂಡರ್ಸನ್ ಕ್ಯಾನ್ಸರ್ ಕೇಂದ್ರದವರು ಬೇರೆ ಕಡೆಯಿಂದ ನೋಡಿದರು. ಆಪರೇಷನ್ ಆಗಿ ಐದು ವರ್ಷಕ್ಕಿಂತ ಹೆಚ್ಚು ಬದುಕಿದವರ ಗಡ್ಡೆಯಲ್ಲಿ ಬ್ಯಾಕ್ಟೀರಿಯಾ ಇರಲಿಲ್ಲವಾ? ಇತ್ತು. ಅಷ್ಟೇ ಅಲ್ಲ, ಬೇಗ ತೀರಿಕೊಂಡವರಿಗಿಂತ ಹೆಚ್ಚು ಬಗೆಯವು ಇದ್ದವು. ಅವರು ಗುರುತಿಸಿದ ಪಟ್ಟಿಯಲ್ಲಿ ಬ್ಯಾಸಿಲಸ್ ಕ್ಲಾಸಿಯೈ ಅನ್ನೋದೂ ಒಂದು. ಮಕ್ಕಳಿರೋ ಮನೆಯವರಿಗೆ ಇದು ಬೇರೆ ಹೆಸರಲ್ಲಿ ಗೊತ್ತು: ಭೇದಿಯಾದಾಗ ಡಾಕ್ಟರ್ ಬರೆದುಕೊಡೋ ಎಂಟರೋಜರ್ಮಿನಾದ ಪುಟ್ಟ ಪ್ಲಾಸ್ಟಿಕ್ ಬಾಟಲಿಯೊಳಗೆ ಇರೋದು ಇದೇ. ಇದನ್ನ ಓದಿದರೆ ಬ್ಯಾಕ್ಟೀರಿಯಾ ಅಂದ್ರೆ ಮಿತ್ರ. ಎರಡು ವರ್ಷ ಮುಂಚೆ ನನಗಿದು ಸಿಕ್ಕಿದ್ದರೆ ಮಾವನಿಗೆ ಆ ಬಾಟಲಿಯನ್ನೂ ಕುಡಿಸ್ತಿದ್ದೆ, ಅನುಮಾನವೇ ಇಲ್ಲ. ಆದರೆ ಹೆಚ್ಚು ದಿನ ಬದುಕಿದವರಲ್ಲಿ ಅದು ಇತ್ತು ಅನ್ನೋದಕ್ಕೂ, ಅದು ಕುಡಿದರೆ ಹೆಚ್ಚು ದಿನ ಬದುಕ್ತಾರೆ ಅನ್ನೋದಕ್ಕೂ ನಡುವೆ ದೊಡ್ಡ ಹಳ್ಳವೇ ಇದೆ. 'ಗಟ್ ಹೆಲ್ತ್' ಅಂತ ಸಾವಿರಾರು ರೂಪಾಯಿಗೆ ಡಬ್ಬಿ ಮಾರೋರು ಆ ಹಳ್ಳ ಕಾಣದ ಹಾಗೆ ಮೇಲೆ ಚಾಪೆ ಹಾಸಿರ್ತಾರೆ.

ಇನ್ನು ಕೆಲವು ಕಥೆಗಳು ಅರ್ಧಕ್ಕೇ ತಿರುಗಿಕೊಂಡವು. ತಲೆಹೊಟ್ಟಿಗೆ ಸಂಬಂಧಿಸಿದ ಮಲಸೀಜಿಯಾ ಅನ್ನೋ ಶಿಲೀಂಧ್ರ ಪ್ಯಾಂಕ್ರಿಯಾಸ್ ಕ್ಯಾನ್ಸರನ್ನ ಬೆಳೆಸುತ್ತೆ ಅಂತ 2019ರಲ್ಲಿ 'ನೇಚರ್'ನಲ್ಲಿ ಬಂತು. 2023ರಲ್ಲಿ ಅದೇ ಪತ್ರಿಕೆಯಲ್ಲಿ ಬೇರೆ ತಂಡ, ನಾವು ನೋಡಿದರೆ ಹಾಗೆ ಕಾಣ್ತಿಲ್ಲ ಅಂತು. 2020ರಲ್ಲಿ ಮೂವತ್ತಕ್ಕೂ ಹೆಚ್ಚು ಬಗೆಯ ಕ್ಯಾನ್ಸರುಗಳಲ್ಲಿ ಒಂದೊಂದಕ್ಕೂ ಬೇರೆಬೇರೆ ಸೂಕ್ಷ್ಮಜೀವಿಗಳ ಗುರುತು ಇದೆ, ರಕ್ತದಲ್ಲೇ ಅದನ್ನ ಪತ್ತೆ ಮಾಡಬಹುದು ಅಂತ ಇನ್ನೊಂದು ದೊಡ್ಡ ಅಧ್ಯಯನ ಬಂತು. ಆಮೇಲೆ ಜಾನ್ಸ್ ಹಾಪ್‌ಕಿನ್ಸ್‌ನ ಸ್ಟೀವನ್ ಸಾಲ್ಜ್‌ಬರ್ಗ್ ಮತ್ತು ಸಂಗಡಿಗರು ಆ ಡೇಟಾ ಮತ್ತೆ ತೆಗೆದು ನೋಡಿದರು. ಬ್ಯಾಕ್ಟೀರಿಯಾದ್ದು ಅಂತ ಎಣಿಸಿದ್ದರಲ್ಲಿ ಲಕ್ಷಾಂತರ ತುಣುಕುಗಳು ಮನುಷ್ಯರದ್ದೇ ಡಿಎನ್‌ಎ. ಹೋಲಿಸೋಕೆ ಇಟ್ಟುಕೊಂಡಿದ್ದ ಡೇಟಾಬೇಸಿನಲ್ಲೇ ಮನುಷ್ಯರ ಡಿಎನ್‌ಎ ಬೆರೆತು ಕೊಳೆಯಾಗಿತ್ತು. ಒಂದು ಕ್ಯಾನ್ಸರಿನ ಮುಖ್ಯ ಗುರುತು ಅಂತ ಬಂದಿದ್ದು ಸಿಗಡಿಗೆ ತಗಲೋ ವೈರಸ್! 2024ರ ಜೂನ್‌ನಲ್ಲಿ ಆ ಅಧ್ಯಯನವನ್ನ ವಾಪಸ್ ತೆಗೆದುಕೊಂಡರು.

ನನ್ನಂಥ ಟೆಸ್ಟರಿಗೆ ಇದು ಚೆನ್ನಾಗಿ ಅರ್ಥ ಆಗುತ್ತೆ. 2017ರವರು ಪಾತ್ರೆಯಲ್ಲಿದ್ದ ಕೊಳೆಯನ್ನ ಗಮನಿಸಿ ನಿಜ ಕಂಡರು. 2020ರವರು ಡೇಟಾದಲ್ಲಿದ್ದ ಕೊಳೆಯನ್ನ ಗಮನಿಸದೆ ಎಡವಿದರು. ಗಡ್ಡೆಯಲ್ಲಿ ಇರೋ ಬ್ಯಾಕ್ಟೀರಿಯಾ ಬಹಳ ಕಡಿಮೆ. ಅಷ್ಟು ಕಡಿಮೆ ಇರೋದನ್ನ ಅಳೆಯೋವಾಗ ಕೈಗವಸಿನ, ನೀರಿನ, ಟೆಸ್ಟ್ ಕಿಟ್‌ನ ಬ್ಯಾಕ್ಟೀರಿಯಾ ಕೂಡ ಲೆಕ್ಕಕ್ಕೆ ಬಂದುಬಿಡುತ್ತೆ. ಹಾಗಂತ ಎಲ್ಲಾ ಸುಳ್ಳಲ್ಲ. 2022ರಲ್ಲಿ ಸ್ಪೇನ್‌ನ 57 ರೋಗಿಗಳ ಮಲದ ಬ್ಯಾಕ್ಟೀರಿಯಾ ಪರೀಕ್ಷಿಸಿ ರೋಗ ಗುರುತಿಸೋ ಮಾದರಿಯೊಂದನ್ನ ಮಾಡಿದರು. ಅದು ಜರ್ಮನಿಯ ಬೇರೆ ರೋಗಿಗಳಲ್ಲೂ ನಿಂತಿತು. ತಡವಾಗಿ ಗೊತ್ತಾಗೋದೇ ಶಾಪ ಆಗಿರೋ ಈ ಕಾಯಿಲೆಯಲ್ಲಿ, ನಾನು ಈಗ ಹೆಚ್ಚು ಆಸೆ ಇಟ್ಟಿರೋದು ಇಂಥ ದಾರಿಯ ಮೇಲೆ. ಹಲ್ಲಿನ ಬಗ್ಗೆ ಬಂದಿರೋದೂ ಗಟ್ಟಿ ಇದೆ. ವಸಡಿನ ಕಾಯಿಲೆ ತರೋ ಪೋರ್ಫಿರೊಮೊನಸ್ ಜಿಂಜಿವಾಲಿಸ್ ಬಾಯಲ್ಲಿ ಇದ್ದವರಿಗೆ ಮುಂದೆ ಈ ಕ್ಯಾನ್ಸರ್ ಬರೋ ಸಾಧ್ಯತೆ ಸುಮಾರು 1.6 ಪಟ್ಟು ಅಂತ 361 ರೋಗಿಗಳನ್ನ ಒಳಗೊಂಡ ಅಧ್ಯಯನ ಹೇಳ್ತು. ಅದೇ ಕಾರಣ ಅಂತ ಸಾಬೀತಾಗಿಲ್ಲ. ಆದರೆ ವಸಡಿನಲ್ಲಿ ರಕ್ತ ಬಂದರೆ ಡೆಂಟಿಸ್ಟ್ ಹತ್ತಿರ ಹೋಗೋಕೆ ಅಷ್ಟು ದೊಡ್ಡ ಕಾರಣ ಬೇಕಾಗೂ ಇಲ್ಲ.

*

ಇಷ್ಟೆಲ್ಲ ಓದಿದ್ದವಳು ಅವತ್ತು ಅತ್ತೆಯ ಎದುರು ಎಂಜಲು ಕೈಯಲ್ಲಿ ಕೂತಿದ್ದೆ.

"ಅತ್ತೆ, ಮೊಸರಲ್ಲ," ಅಂದೆ.

"ನಿಂಗೇನು ಗೊತ್ತು?" ಅಂದರು. ಸಿಟ್ಟಿನಿಂದಲ್ಲ. ನಿಜವಾಗಿ ಕೇಳಿದರು.

ಈ ಸಲ ಅವಸರ ಮಾಡಲಿಲ್ಲ. ದತ್ತದಿಂದ ಶುರು ಮಾಡಿದೆ. ಹಾಲು, ಮೊಸರು, ಚೀಸ್ ತಿನ್ನೋರಿಗೂ ಈ ಕ್ಯಾನ್ಸರಿಗೂ ಸಂಬಂಧ ಇದೆಯಾ ಅಂತ 14 ಅಧ್ಯಯನಗಳನ್ನ ಒಟ್ಟುಗೂಡಿಸಿ 2014ರಲ್ಲಿ ನೋಡಿದ್ದಾರೆ. ಎಂಟು ಲಕ್ಷಕ್ಕೂ ಹೆಚ್ಚು ಜನ. ಸಂಬಂಧ ಕಾಣಲಿಲ್ಲ. ಗಡ್ಡೆಯಲ್ಲಿ ಹೆಚ್ಚಾಗಿ ಸಿಕ್ಕ, ಔಷಧಿ ಕೆಡಿಸೋ ಆ ಗುಂಪು ಬೇರೆ, ನಿಮ್ಮ ಹೆಪ್ಪಿನಲ್ಲಿ ಇರೋ ಲ್ಯಾಕ್ಟೋಬ್ಯಾಸಿಲಸ್ ಬೇರೆ. ಮಾವನ ಗಡ್ಡೆಯಲ್ಲಿ ಬ್ಯಾಕ್ಟೀರಿಯಾ ಇತ್ತು ಅಂತ ಯಾರೂ ಪರೀಕ್ಷೆ ಮಾಡಿರಲಿಲ್ಲ. ನಾನು ಹೇಳಿದ್ದು ಬರೀ ಊಹೆ. ಅದನ್ನ ನಿಮಗೆ ಖಂಡಿತ ಅನ್ನೋ ಹಾಗೆ ಹೇಳಿದ್ದು ನನ್ನ ತಪ್ಪು.

ಒಂದು ವಿಷಯ ಮಾತ್ರ ಹೇಳಲಿಲ್ಲ. ಅದನ್ನ ಇಲ್ಲಿ ಹೇಳ್ತೀನಿ. 2022ರಲ್ಲಿ ಟೊರಾಂಟೊದ ಒಂದು ತಂಡ, ಕರುಳಿನ ಲ್ಯಾಕ್ಟೋಬ್ಯಾಸಿಲಸ್ ಟ್ರಿಪ್ಟೊಫ್ಯಾನ್‌ನಿಂದ ತಯಾರಿಸೋ ಕೆಲವು ವಸ್ತುಗಳು ಇಲಿಗಳಲ್ಲಿ ರಕ್ಷಣಾ ಪಡೆಯನ್ನ ಮಂಕು ಮಾಡಿ ಗಡ್ಡೆಗೆ ಸಹಾಯ ಮಾಡುತ್ತೆ ಅಂದಿದೆ. 2023ರಲ್ಲಿ ಹ್ಯಾಂಬರ್ಗ್‌ನ ತಂಡ, ಅದೇ ಟ್ರಿಪ್ಟೊಫ್ಯಾನ್‌ನಿಂದ ಕರುಳಿನ ಬ್ಯಾಕ್ಟೀರಿಯಾ ಮಾಡೋ ಇನ್ನೊಂದು ವಸ್ತು ರೋಗಿಗಳಲ್ಲಿ ಹೆಚ್ಚಿದ್ದರೆ ಕೀಮೋ ಚೆನ್ನಾಗಿ ಕೆಲಸ ಮಾಡುತ್ತೆ ಅಂದಿದೆ. ಒಂದೇ ಹಿಟ್ಟು, ಎರಡು ರೊಟ್ಟಿ. ಇದರಲ್ಲಿ ಯಾವುದೂ ಬಟ್ಟಲು ಮೊಸರಿನ ಬಗ್ಗೆ ಅಲ್ಲ. ಅತ್ತೆಗೆ ಹೇಳಿದ್ದರೆ ಅವರು ಮೊದಲ ಅರ್ಧ ಮಾತ್ರ ಇಟ್ಟುಕೊಳ್ತಿದ್ದರು. ತಪ್ಪು ತಮ್ಮದೇ ಅಂತ ನಂಬೋಕೆ ಕಾಯ್ತಿರೋರಿಗೆ ಒಂದು ಇಲಿ ಸಾಕು, ಎಂಟು ಲಕ್ಷ ಜನ ಸಾಲಲ್ಲ.

"ಹಂಗಾದ್ರೆ ಯಾವುದರಿಂದ ಬಂತು?" ಅಂದರು.

ಈ ಪ್ರಶ್ನೆಗೆ ನನ್ನ ಹತ್ತಿರವೂ ಒಂದು ಉತ್ತರ ಇಟ್ಟುಕೊಂಡಿದ್ದೆ, ನನ್ನದೇ ಮೊಸರು ಅದು: ಬೆಲ್ಟಿನ ತೂತು. ಐವತ್ತು ದಾಟಿದ ಮೇಲೆ ಹೊಸದಾಗಿ ಶುಗರ್ ಬಂದು, ಜೊತೆಗೆ ತೂಕ ಇಳಿದರೆ ಅದು ಕೆಲವೊಮ್ಮೆ ಈ ಕಾಯಿಲೆಯ ಮೊದಲ ಗುರುತು. ಹಾಗೆ ಹೊಸದಾಗಿ ಶುಗರ್ ಬಂದವರಲ್ಲಿ ಮೂರು ವರ್ಷದೊಳಗೆ ಈ ಕ್ಯಾನ್ಸರ್ ಸಿಗೋದು ನೂರಕ್ಕೆ ಒಬ್ಬರಿಗಿಂತ ಕಡಿಮೆ. ಅದಕ್ಕೇ ಎಲ್ಲರಿಗೂ ಸ್ಕ್ಯಾನ್ ಮಾಡಿಸಲ್ಲ. ಆದರೆ ನಿಮ್ಮ ಅಪ್ಪನಿಗೋ ಚಿಕ್ಕಮ್ಮನಿಗೋ ಹೀಗಾಗಿದ್ದರೆ, ತೂಕ ಯಾಕೆ ಇಳೀತಿದೆ ಅಂತ ಡಾಕ್ಟರನ್ನ ಒಂದು ಮಾತು ಕೇಳಿ. ನಾನು ಡಯಟ್ ಪ್ಲಾನ್ ಕೇಳಿದ್ದೆ.

ಅದನ್ನೂ ಅತ್ತೆಗೆ ಹೇಳಲಿಲ್ಲ. "ಗೊತ್ತಿಲ್ಲ ಅತ್ತೆ. ಯಾರಿಗೂ ಗೊತ್ತಿಲ್ಲ," ಅಂದೆ. ನನ್ನ ಹತ್ತಿರ ಇದ್ದ ದತ್ತ ಅಷ್ಟೇ.

ಅತ್ತೆ ಸುಮಾರು ಹೊತ್ತು ಮಾತಾಡಲಿಲ್ಲ. ತಟ್ಟೆ ತೊಳೆದರು, ಒಲೆಕಟ್ಟೆ ಒರೆಸಿದರು. ನಾಲ್ಕು ಗಂಟೆಗೆ ಕಾಫಿಗೆ ಅಂತ ಹಾಲು ಕಾಯಿಸೋವಾಗ ಎಂದಿಗಿಂತ ಅರ್ಧ ಲೀಟರ್ ಜಾಸ್ತಿ ಇಟ್ಟರು. ಆಮೇಲೆ ಒಂದು ಸಣ್ಣ ಸ್ಟೀಲ್ ಬಟ್ಟಲು ನನ್ನ ಕೈಗೆ ಕೊಟ್ಟರು.

"ಪಕ್ಕದ ಮನೇಲಿ ಒಂದು ಚಮಚ ಹೆಪ್ಪು ಇಸ್ಕೊಂಡು ಬಾ," ಅಂದರು. "ಈಗಲೇ ಹೋಗು. ದೀಪ ಹಚ್ಚಿದ್ಮೇಲೆ ಯಾರೂ ಕೊಡಲ್ಲ."